ರೈಟರ್ ಭಾವನೂ ಕಪ್ಪುಬಿಳುಪಿನ ಬಸ್ಸೂ

ಕಳೆದ ಭಾನುವಾರ ಸೋಮವಾರಪೇಟೆಯ ಅಕ್ಕನ ಮನೆಯಲ್ಲಿ ಊಟ ಮುಗಿಸಿ ಕಣ್ಣು ಎಳೆಯುತ್ತಿದ್ದ ಹೊತ್ತಿಗೆ ಟೀವಿಯಿಂದ ಒಂದು ಸಂಗೀತ ಕೇಳಿಬಂತು. ಪಿಟೀಲುಗಳೆಲ್ಲ ಒಟ್ಟಿಗೆ ಅಳುವ, ನಡುನಡುವೆ ಏನೋ ಹುರಿದಂತೆ ಚರಚರ ಸದ್ದು ಮಾಡುವ ಹಳೇ ಕಾಲದ ಸಂಗೀತ. ನಾನು ಕಣ್ಣು ಬಿಡದೆಯೇ "ಅಯ್ಯೋ, ಅದೇ ಸಿನಿಮಾ!" ಎಂದೆ. ಅಕ್ಕ "ಅದೇ" ಎಂದಳು. ಭಾವ ಕನ್ನಡಕ ಹುಡುಕತೊಡಗಿದರು.

ಯಾವುದು ಅದೇ ಎನ್ನುತ್ತೀರಾ? ಅದಕ್ಕೆ ಮೊದಲು ಅಕ್ಕನ ಮದುವೆಯ ಕಥೆ ಹೇಳಬೇಕು.

ನಮ್ಮದು ಶಿರಂಗಾಲದ ಕಡೆಯ ಬೇಸಾಯದ ಮನೆ. ಅಕ್ಕನಿಗೆ ಕಾದಂಬರಿಯ ಹುಚ್ಚು. ಒಲೆಯ ಮೇಲೆ ಹಾಲಿಟ್ಟು ಪುಸ್ತಕ ಹಿಡಿದಳೆಂದರೆ ಆ ಹಾಲಿನ ಆಸೆ ಬಿಟ್ಟಂತೆಯೇ. ಹೀಗಿರುವಾಗ ನೆಂಟರೊಬ್ಬರು ಬಂದು, "ಸೋಮವಾರಪೇಟೆ ಹುಡುಗ, ಒಳ್ಳೇ ಮನೆತನ, ರೈಟರ್" ಎಂದರು. ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಕಾಫಿಯ ತೂಕ ಬರೆದುಕೊಳ್ಳುವವರನ್ನು ರೈಟರ್ ಎನ್ನುತ್ತಾರೆಂದು ಕೊಡಗಿನಲ್ಲಿ ಯಾರಿಗೆ ಗೊತ್ತಿಲ್ಲ? ಅಕ್ಕನಿಗೂ ಗೊತ್ತಿತ್ತು. ಆದರೆ ಅವಳ ಕಿವಿ ತನಗೆ ಬೇಕಾದ ಅರ್ಥವನ್ನೇ ಆರಿಸಿಕೊಂಡಿತು. ಹೆಣ್ಣು ನೋಡಲು ಬಂದವರನ್ನು ಎಲ್ಲರೆದುರೇ ಕೇಳಿದಳು: "ನೀವು ಎಂಥದ್ದು ಬರೀತೀರ?"

"ಪಿಕ್ಕಿಂಗ್ ಟೈಮಲ್ಲಿ ಯಾರ್ಯಾರು ಎಷ್ಟು ಕಾಫಿ ಕುಯ್ದ್ರು ಅಂತ" ಎಂದರು ಭಾವ, ಬಹಳ ಪ್ರಾಮಾಣಿಕವಾಗಿ.

ಅಕ್ಕನ ಮುಖ ಬಾಡಿತು. ಗಾಬರಿಬಿದ್ದ ಭಾವ ಮುಂದಿನ ಪ್ರಶ್ನೆಗೆ ಪ್ರಾಮಾಣಿಕತೆಯನ್ನು ಕೈಬಿಟ್ಟರು. ಅವಳು ತನ್ನ ಅಚ್ಚುಮೆಚ್ಚಿನ ಕಾದಂಬರಿಯ ಹೆಸರು ಹೇಳಿ "ಓದಿದೀರಾ?" ಎಂದಾಗ, "ಓಹೋ, ಓದ್ದೇ ಇರ್ತೀನಾ" ಎಂದುಬಿಟ್ಟರು.

ಆ ಕಾದಂಬರಿಯಿಂದ ತೆಗೆದ ಕಪ್ಪುಬಿಳುಪು ಸಿನಿಮಾ ಆಗ ಕುಶಾಲನಗರದ ಟಾಕೀಸಿಗೆ ಮತ್ತೆ ಬಂದಿತ್ತು. "ಹೋಗಿ ನೋಡ್ಕೊಂಡ್ ಬನ್ನಿ" ಎಂದು ಅಪ್ಪ ಉದಾರವಾಗಿ ಇಬ್ಬರನ್ನೂ ಕಳಿಸಿದರು. ನಡುವೆ ಕೂರಲು ನನ್ನನ್ನೂ ಕಳಿಸಿದರು. ಕಾಲೇಜಿನಲ್ಲಿ ಓದುತ್ತಿದ್ದ ನಾನು ಅಲ್ಲಿ ಮಾಡಿದ ಘನಕಾರ್ಯವೆಂದರೆ ಕಡಲೆಕಾಯಿ ಪೊಟ್ಟಣ ಖಾಲಿ ಮಾಡಿದ್ದು.

ಈ ಕಪ್ಪುಬಿಳುಪು ಸಿನಿಮಾಗಳ ಸೊಗಸೇ ಬೇರೆ ನೋಡಿ. ಓದುವಾಗ ಮನೆ, ಮುಖ, ಮರ ಎಲ್ಲವನ್ನೂ ನಾವೇ ಕಟ್ಟಿಕೊಳ್ಳುತ್ತೇವೆ. ಈ ಸಿನಿಮಾಗಳೂ ನಮಗೆ ಒಂದಿಷ್ಟು ಕೆಲಸ ಉಳಿಸಿರುತ್ತವೆ. ಆ ನಾಯಕಿಯ ಸೀರೆ ಅಕ್ಕನ ಪ್ರಕಾರ ನೇರಳೆ, ಭಾವನ ಪ್ರಕಾರ ಪಾಚಿ ಹಸಿರು. ಇಬ್ಬರೂ ಕಣ್ಣಾರೆ ಕಂಡವರಂತೆ ಆಣೆ ಮಾಡುತ್ತಾರೆ. ನನ್ನ ಬಡ ಕಣ್ಣಿಗೆ ಮಾತ್ರ ಅದು ಇವತ್ತಿಗೂ ಬೂದಿ ಬಣ್ಣ.

ಸಿನಿಮಾದ ಕೊನೆಯಲ್ಲಿ ನಾಯಕಿ ಊರು ಬಿಟ್ಟು ಬಸ್ಸು ಹತ್ತುತ್ತಾಳೆ. ನಾಯಕ ಓಡೋಡಿ ಬಂದು ಬಸ್ಸು ನಿಲ್ಲಿಸಿ ಇಳಿಸಿಕೊಳ್ಳುತ್ತಾನೆ. ಶುಭಂ. ಹೊರಗೆ ಬಂದೊಡನೆ ಅಕ್ಕ ಕೇಳಿದಳು: "ಪುಸ್ತಕದಲ್ಲಿ ಕೊನೆ ಹೇಗಿದೆ ಹೇಳಿ?"

"ಹಿಂಗೇ ಇದ್ಯಲ್ಲ. ಬಸ್ಸು ನಿಲ್ಸಿ..."

"ಪುಸ್ತಕದಲ್ಲಿ ಬಸ್ಸು ನಿಲ್ಲಲ್ಲ. ಅವಳು ಹೋಗೇಬಿಡ್ತಾಳೆ."

ಅಲ್ಲಿಗೆ ಸಂಬಂಧ ಮುರಿಯಿತು. ಅಪ್ಪ ಗದರಿದರು, ಅಮ್ಮ ಮೂಗೊರೆಸಿಕೊಂಡರು, ಅಕ್ಕ ಜಗ್ಗಲಿಲ್ಲ. "ಓದಿಲ್ಲ ಅಂದಿದ್ರೆ ಒಪ್ತಿದ್ದೆ" ಎಂದಳು.

ಕೆಲವು ವಾರ ಕಳೆದ ಮೇಲೆ, ಒಂದು ಬೆಳಿಗ್ಗೆ ಭಾವ ಒಬ್ಬರೇ ನಮ್ಮ ಜಗುಲಿಯ ಮುಂದೆ ಬಂದು ನಿಂತರು. ಕೈಯಲ್ಲಿ ಅದೇ ಕಾದಂಬರಿ. ಕ್ಷಮೆ ಕೇಳಲು ಬಂದಿದ್ದಾರೆಂದು ನಾವೆಲ್ಲ ಅಂದುಕೊಂಡರೆ, ಮನುಷ್ಯ ಜಗಳಕ್ಕೇ ಬಂದಿದ್ದರು.

"ಪೂರ್ತಿ ಓದ್ದೆ ಕಣ್ರೀ. ಅವಳನ್ನ ಆ ಬಸ್ಸಲ್ಲಿ ಒಂಟಿಯಾಗಿ ಕಳಿಸಿದ್ದು ಅನ್ಯಾಯ. ಬರೆದೋರೇ ತಪ್ಪು ಮಾಡಿದಾರೆ. ಸಿನಿಮಾದೋರು ಸರಿಮಾಡಿದಾರೆ!"

"ಅನ್ಯಾಯವಾ? ಅವಳ ಮಾನ ಉಳಿದಿದ್ದೇ ಆ ಬಸ್ಸಿಂದ!" ಎಂದು ಅಕ್ಕ ಎದ್ದು ನಿಂತಳು.

ಶುರುವಾಯಿತು. ಅಮ್ಮ ಅಕ್ಕಿರೊಟ್ಟಿ ತಂದಿಟ್ಟರೂ ನಿಲ್ಲಲಿಲ್ಲ. ಸಂಜೆ ಅವರು ಹೊರಟ ಮೇಲೆ ಅಕ್ಕ ನನ್ನ ಬಳಿ, "ಒಂದು ಪುಸ್ತಕಕ್ಕೆ ಇಷ್ಟು ಸಿಟ್ಟು ಮಾಡ್ಕೊಳೋರು ಇನ್ನೆಲ್ಲಿ ಸಿಗ್ತಾರೆ, ಅಪ್ಪಂಗೆ ಹೂಂ ಅಂತ ಹೇಳ್ಬಿಡೇ" ಎಂದಳು.

ಆ ಜಗಳ ಮದುವೆಯಾದ ಮೇಲೂ ಮುಗಿಯಲಿಲ್ಲ. ಮಕ್ಕಳ ನಾಮಕರಣದಲ್ಲಿ ನಡೆಯಿತು, ಕಾಫಿ ಹರವಿದ ಕಣದಲ್ಲಿ ನಡೆಯಿತು. ಶುರುವಾಯಿತೆಂದರೆ ನಾನು ಅಡುಗೆಮನೆಗೆ ತಪ್ಪಿಸಿಕೊಳ್ಳುತ್ತಿದ್ದೆ.

ಮೊನ್ನೆಯೂ ಕೊನೆಯ ದೃಶ್ಯ ಬಂದಾಗ ಎದ್ದೆ. ನಾನು ಊರಿಗೆ ಮರಳಬೇಕಿದ್ದ ಕುಶಾಲನಗರದ ಬಸ್ಸಿಗೂ ಹೊತ್ತಾಗಿತ್ತು. ಆಗ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಇಳೀಲಿ ಬಿಡಿ, ಪಾಪ. ಎಷ್ಟು ದೂರದಿಂದ ಓಡಿ ಬಂದಿದಾನೆ" ಎಂದಳು.

ನಾನು ಬಾಗಿಲಲ್ಲೇ ನಿಂತೆ. ಗೆದ್ದ ಭಾವ ಬೀಗುತ್ತಾರೆಂದು ನೋಡಿದರೆ, ಅವರು ಹುಬ್ಬು ಗಂಟಿಕ್ಕಿದ್ದರು. "ಯಾಕೆ ಇಳೀಬೇಕು? ಮನಸ್ಸು ಮಾಡಿ ಹೊರಟೋಳು. ಹೋಗ್ಲಿ ಅವಳು. ಪುಸ್ತಕದಲ್ಲಿರೋದೇ ಸರಿ."

"ಏನಂದ್ರಿ? ಇಷ್ಟು ವರ್ಷ ನೀವೇ ಅಲ್ವಾ ಇಳೀಬೇಕು ಅಂತಿದ್ದೋರು? ನಿಮ್ಮ ಮಾತೇ ಸರಿ ಅಂದ್ನಲ್ಲ ಈಗ!"

"ಈಗ ನನ್ನ ಮಾತು ಅದಲ್ಲ ಕಣೇ."

ಇಬ್ಬರೂ ಒಬ್ಬರನ್ನೊಬ್ಬರು ಪಿಳಿಪಿಳಿ ನೋಡಿದರು. ಇಷ್ಟು ವರ್ಷ ಇವರು ಬರೀ ಕಿರುಚಾಡುತ್ತಿದ್ದಾರೆಂದುಕೊಂಡಿದ್ದೆ. ಕೇಳಿಸಿಕೊಳ್ಳುತ್ತಲೂ ಇದ್ದರು ಎಂದು ಹೊಳೆದದ್ದು ಆಗಲೇ. ಅಷ್ಟರಲ್ಲಿ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಭಾವ ಟೀವಿಯ ಸದ್ದು ತಗ್ಗಿಸಿದರು.

ಬಸ್ಸು ಹೋದರೆ ಹೋಗಲಿ ಎಂದು ನಾನು ಕುರ್ಚಿ ಎಳೆದುಕೊಂಡು ಇಬ್ಬರ ಎದುರಿಗೆ ಕೂತೆ.