ಬೇರೆ ಗಾಡಿಯ ಕಡ್ಡಿ

ಅಣ್ಣ ಕೊಟ್ಟೂರಿನಿಂದ ಹರಪನಹಳ್ಳಿಗೆ ಜನರನ್ನು ಒಯ್ಯುತ್ತಿದ್ದ ಜೀಪಿನಿಂದಲೇ ನಮ್ಮ ಮನೆ ನಡೆಯುತ್ತಿತ್ತು. ಎಂಜಿನ್ ಆಯಿಲ್ ನೋಡುವ ಕಡ್ಡಿ ಮುರಿದಾಗ ಅವನು ಗುಜರಿಯಿಂದ ಬೇರೊಂದು ತಂದು ಹಾಕಿದ. ದಿನಾ ಬೆಳಿಗ್ಗೆ ಅದನ್ನು ಒರೆಸಿ, ಅದ್ದಿ, ಅತ್ತಿಗೆಗೆ ತೋರಿಸುತ್ತಿದ್ದ.

“ನೋಡಿಲ್ಲಿ, ಫುಲ್ ಐತಿ.”

“ಅದರ ಹೊಟ್ಟಿ ತುಂಬೈತಿ, ನೀವೂ ಉಂಡು ಹೋಗ್ರಿ.”

ಒಂದು ದಿನ ಹರಪನಹಳ್ಳಿ ಬಳಿಯ ಅರಸೀಕೆರೆ ದಾರಿಯಲ್ಲಿ ಎಂಜಿನ್ ಕಾದು ಬಿಗಿದು ಸೀಜ್ ಆಯಿತು. ದಟ್ಟ ಹೊಗೆ ಎದ್ದಿತ್ತೆಂದು ನನ್ನ ನೆನಪು. ಅತ್ತಿಗೆ ಇಲ್ಲ ಎನ್ನುತ್ತಾಳೆ. ನಾನು ಅಲ್ಲಿದ್ದೆನೇ ಎಂಬುದೇ ಈಗ ಅನುಮಾನ. ಮೆಕ್ಯಾನಿಕ್ ಹೇಳಿದ್ದು ಮಾತ್ರ ಇಬ್ಬರಿಗೂ ನೆನಪಿದೆ: “ಕಡ್ಡಿ ನಿಮ್ಮ ಗಾಡೀದಲ್ರಿ. ಉದ್ದ ಐತಿ, ತಳಕ್ಕ ಮುಟ್ಟತೈತಿ. ಆಯಿಲ್ ಕಡಿಮಿ ಇದ್ರೂ ಫುಲ್ ತೋರಿಸೈತಿ.”

ಎಂಜಿನ್ ರಿಪೇರಿ ಮಾಡಿಸುವ ಶಕ್ತಿ ನಮಗಿರಲಿಲ್ಲ. ಅಣ್ಣ ಬೇರೆಯವರ ಲಾರಿಗೆ ಡ್ರೈವರಾಗಿ ಹೋದ. ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಬಂದಾಗ ಅತ್ತಿಗೆ ತಾಟು ಇಟ್ಟು, “ಉಂಡು ಹೋಗ್ರಿ” ಎನ್ನುತ್ತಿದ್ದಳು.