ಹೊಗೆಯಣ್ಣನ ಎರಡನೆಯ ಅಳತೆ

ಗಾಳಿಯಿಲ್ಲದ ಬೆಳಗು. ಬೂದು ಆಕಾಶಕ್ಕೆ ಒರಗಿಸಿಟ್ಟಂತೆ ನಿಂತ ಕಾರ್ಖಾನೆಯ ಚಿಮಣಿ. ಅದರ ನಡುವನ್ನು ಬಳಸಿದ ಕಬ್ಬಿಣದ ಅಟ್ಟಣೆ. ಅಟ್ಟಣೆಯ ಮೇಲೆ, ಉದ್ದನೆಯ ಸಲಾಕೆಯನ್ನು ಚಿಮಣಿಯ ಪಕ್ಕೆಯ ತೂತಿಗೆ ತೂರಿಸಿ, ಮೀಟರಿನ ಮುಳ್ಳಿನಲ್ಲಿ ಕಣ್ಣು ನೆಟ್ಟ ಮನುಷ್ಯ. ಕೆಳಗೆ ಕಾರ್ಮಿಕರ ವಸತಿಸಾಲಿನ ಹೆಂಚುಗಳಿಗೆ ಇನ್ನೂ ನಿದ್ದೆ. ಮೇಲೆ ಹೊಗೆ, ಹೋಗಲೋ ಬೇಡವೋ ಎಂಬಂತೆ, ತುದಿಯಲ್ಲೇ ತಡೆದು ನಿಂತಿದೆ.

ಇಡೀ ಸಾಲಿಗೆ ಇವರು ಹೊಗೆಯಣ್ಣ. ಚಿಮಣಿಯ ಎತ್ತರ, ಬಾಯಿಯ ಅಗಲ, ಹೊಗೆ ಹೊರಬೀಳುವ ವೇಗ, ಅದರ ಬಿಸಿ, ಗಾಳಿಯ ದಿಕ್ಕು ಇಷ್ಟನ್ನು ಉಣಿಸಿದರೆ, ಹೊಗೆ ಯಾರ ತಲೆಯ ಮೇಲೆ ಇಳಿಯುತ್ತದೆಂದು ಕಂಪ್ಯೂಟರ್ ಲೆಕ್ಕ ಹೇಳುತ್ತದೆ. ಆ ವೇಗವನ್ನೂ ಬಿಸಿಯನ್ನೂ ಏಣಿ ಹತ್ತಿ ತರುವುದು ಇಪ್ಪತ್ತು ವರ್ಷಗಳಿಂದ ಇವರ ಕಸುಬು. ಅಂಗೈ ಏಣಿಯಷ್ಟೇ ಒರಟು. ಮಂಡಿಗಳು ಈಗೀಗ ಮಾತು ಕೇಳುವುದಿಲ್ಲ.

“ಹೊಗೆನೂ ಮನುಷ್ಯರ ಹಾಗೇ,” ಎನ್ನುತ್ತಾರೆ. “ಬಿಸಿ ಇರೋವರೆಗೂ ಮೇಲೆ ಹಾರಾಡುತ್ತೆ. ತಣ್ಣಗಾದ್ರೆ ಹತ್ತಿರದವರ ಮನೆ ಬಾಗಿಲಿಗೇ ಬರುತ್ತೆ.”

ಆದದ್ದೂ ಹಾಗೆಯೇ. ಹೊಗೆಯ ಕಾವನ್ನು ಹೀರಿ ನೀರು ಕಾಯಿಸುವ ಹೊಸ ಯಂತ್ರವನ್ನು ಕಾರ್ಖಾನೆ ಕೂರಿಸಿತು. ಕಳೆದ ತಿಂಗಳು ಅಳೆದಾಗ, ನೂರೆಂಬತ್ತು ಡಿಗ್ರಿ ಇರುತ್ತಿದ್ದ ಬಿಸಿ ನೂರಹತ್ತಕ್ಕೆ ಇಳಿದಿತ್ತು. ಲೆಕ್ಕ ಬೆರಳು ತೋರಿದ್ದು ನೇರವಾಗಿ ವಸತಿಸಾಲಿನತ್ತ. ಎರಡನೆಯ ಅಳತೆಯೂ ಅದನ್ನೇ ಹೇಳಿದರೆ ಸಾಲು ತೆರವಾಗಬೇಕು. ಅದರ ಕೊನೆಯ ಮನೆ ಹೊಗೆಯಣ್ಣನವರದೇ.

ಉಳಿದಿರುವ ಆಸೆ ಒಂದೇ. ಸಲಾಕೆಯ ಸುತ್ತಲಿನ ಸಂದಿಗೆ ಒದ್ದೆ ಬಟ್ಟೆಯನ್ನು ಸರಿಯಾಗಿ ತುರುಕದಿದ್ದರೆ, ಚಿಮಣಿ ಹೊರಗಿನ ತಣ್ಣನೆಯ ಗಾಳಿಯನ್ನು ಒಳಗೆಳೆದುಕೊಂಡು ಮುಳ್ಳಿಗೆ ಮೋಸ ಮಾಡುತ್ತದೆ; ಬಿಸಿ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಕಸುಬು ಕಲಿಯುವವರು ಮಾಡುವ ತಪ್ಪು. ಆ ತಪ್ಪನ್ನು ಕಳೆದ ಸಲ ಹೊಗೆಯಣ್ಣ ಮಾಡಿರಲಿ ಎಂದು ಇಡೀ ಸಾಲು ಹಾರೈಸುತ್ತಿದೆ. ಪಕ್ಕದ ಮನೆಯ ಅಜ್ಜಿಯಂತೂ ನಿನ್ನೆ ಕಟಕಿಯಾಡಿದ್ದಾರೆ: “ಹೆಂಡತಿ ತಾ ಅಂದಿದ್ದನ್ನೆಲ್ಲ ಮರೆತು ಬರ್ತೀಯ. ಆ ಬಟ್ಟೆ ಒಂದನ್ನ ಮರೆಯೋಕೆ ನಿಂಗೇನಾಗಿತ್ತಪ್ಪ?”

ನಿಜ ಹೇಳಬೇಕೆಂದರೆ ಹೊಗೆಯಣ್ಣನೂ ಅದನ್ನೇ ಹಾರೈಸಿ ಏಣಿ ಹತ್ತಿದ್ದಾರೆ. ಬಟ್ಟೆಯನ್ನು ಎರಡು ಸುತ್ತು ತುರುಕಿ, ಅಂಗೈಯಿಂದ ಒತ್ತಿ ಹಿಡಿದು ಕಾಯುತ್ತಾರೆ. ಮುಳ್ಳು ನಡುಗುತ್ತದೆ, ಏರುತ್ತದೆ, ನಿಲ್ಲುತ್ತದೆ. ನೂರಹತ್ತು.

ಮನೆಯಲ್ಲಿ ಹೆಂಡತಿ ಚಹಾದ ಲೋಟ ಮುಂದಿಡುತ್ತಾರೆ. ಆಗಷ್ಟೇ ಒರೆಸಿದ ಕಿಟಕಿಯ ದಂಡೆಯ ಮೇಲೆ ಬೆರಳಾಡಿಸಿ, ಮಸಿ ಹಿಡಿದ ತುದಿಯನ್ನೇ ನೋಡುತ್ತಾರೆ.

“ಹೋದ ಸಲ ನಿಮ್ಮ ಕೈ ತಪ್ಪಿದ್ದಿದ್ರೆ ಚೆನ್ನಾಗಿರ್ತಿತ್ತು,” ಎನ್ನುತ್ತಾರೆ. ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, “ತಪ್ಪಿರಲ್ಲ ಅಂತ ನಂಗೆ ಗೊತ್ತಿತ್ತು.”

ಕಚೇರಿಗೆ ಅಂಕಿ ಒಪ್ಪಿಸಬೇಕು. ಹೊಗೆಯಣ್ಣ ಎದ್ದು ಚಪ್ಪಲಿ ಮೆಟ್ಟುತ್ತಾರೆ.

“ಹೋಗೋ ಮನೇಲಿ ಕಿಟಕಿ ತೆಗೆದಿಟ್ಟು ಮಲಗೋ ಹಾಗಿದ್ರೆ ಸಾಕು,” ಎಂದಷ್ಟೇ ಹೇಳಿ ಹೊಸ್ತಿಲು ದಾಟಿ, ಒಂದಿಷ್ಟೂ ಸಂದಿ ಉಳಿಯದ ಹಾಗೆ ಬಾಗಿಲನ್ನು ಎಳೆದು ಮುಚ್ಚುತ್ತಾರೆ.