ಆರನೇ ನಂಬರಿನ ತೋಟಾ

ನನ್ನ ಮಾವನಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು. ಭಾಲ್ಕಿಯ ಸಾಲೆಯಲ್ಲಿ ಏಳನೇ ತರಗತಿ ಮುಗಿಸಿದ ಸೊಸೆ ಮನೆಗೆ ಬಂದಿದ್ದಾಳೆಂದು ಅವರು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಬಂದವರ ಕಾಗದ ಪತ್ರಗಳನ್ನೆಲ್ಲ ನನ್ನ ಮುಂದೆ ಹಿಡಿದು, "ನಮ್ಮ ಸೊಸಿ ಓದ್ತಾಳ ತಗೋರಿ" ಎನ್ನುತ್ತಿದ್ದರು. ಹಾಗೆ ಮೆರೆಸಿದ ಓದನ್ನು ನಾನು ಅವರ ವಿರುದ್ಧವೇ ಒಮ್ಮೆ ಬಳಸಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಔರಾದ ತಾಲೂಕಿನಲ್ಲಿ, ಎಕಂಬಾದಿಂದ ನಡೆದು ಹೋಗುವಷ್ಟು ದೂರದ ಊರು. ನನ್ನ ತವರು ಭಾತಂಬ್ರಾ. ಮದುವೆಯಾದ ವರ್ಷ ಮಳೆ ಕೈಕೊಟ್ಟಿತು, ಮರುವರ್ಷವೂ ಕೈಕೊಟ್ಟಿತು. ದಸರೆ ಮುಗಿಯುವಷ್ಟರಲ್ಲಿ ಮೈಯಲ್ಲಿ ಕಸುವಿದ್ದವರೆಲ್ಲ ಹೈದರಾಬಾದಿಗೆ ಕಲ್ಲು ಒಡೆಯಲು ಹೋದರು. ನನ್ನ ಗಂಡನೂ ಹೋದ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಉಳಿದದ್ದು ನಾನು, ಮಾವ, ಹನ್ನೊಂದು ಕುರಿ.

"ನೀವೂ ನಡೀರಿ, ಇಲ್ಲೇನದ?" ಎಂದು ಮಗ ಕರೆದಾಗ ಮಾವ ಒಪ್ಪಲಿಲ್ಲ. "ಕಾವಲಿಗಿ ಒಬ್ಬನರ ಬೇಕಲ್ಲೋ" ಎಂದರು. ಊರ ಕೆಳಗಿನ ಬಾವಿಯೊಂದರಲ್ಲಿ ಮಾತ್ರ ನೀರಿತ್ತು. ಅದರ ಸುತ್ತ ನಮ್ಮದೂ ಇನ್ನಿಬ್ಬರದೂ ಸೇರಿ ಮೂರು ಮನೆಯ ಜೋಳ, ಕಡಲೆ ಹಸಿರಾಗಿ ನಿಂತಿದ್ದವು. ಆ ಸೀಮೆಯ ಚಿಗರಿಗಳೆಲ್ಲ, ಅಂದರೆ ಕೃಷ್ಣಮೃಗಗಳೆಲ್ಲ, ಮೂಸಿಕೊಂಡು ಅಲ್ಲಿಗೇ ಬರುತ್ತಿದ್ದವು. ಮಾವನ ಬಳಿ ಬೆಳೆ ಕಾಯಲು ಕೊಟ್ಟ ಪರವಾನಗಿಯ ಒಂಟಿ ನಳಿಕೆಯ ಬಂದೂಕಿತ್ತು, ನಿಜಾಮರ ಕಾಲದಲ್ಲಿ ಅವರ ಅಪ್ಪನಿಗೆ ಸಿಕ್ಕದ್ದು. ಚಿಗರಿ ಹೊಡೆಯಬಾರದೆಂಬ ಕಾನೂನು ಆಗ ಬಂದಿತ್ತೋ ಇಲ್ಲವೋ, ನಮ್ಮೂರಿಗಂತೂ ಬಂದಿರಲಿಲ್ಲ. ಆದರೂ ಮಾವ ಹೆಚ್ಚಾಗಿ ಗಾಳಿಯಲ್ಲೇ ಗುಂಡು ಹಾರಿಸುತ್ತಿದ್ದರು. ಆ ಸಪ್ಪಳದ ಮೇಲೆಯೇ ಮೂರು ಮನೆಯ ಒಲೆ ನಿಂತಿತ್ತು, ಮಾವನ ಮರ್ಯಾದೆಯೂ ನಿಂತಿತ್ತು.

ಸಂಕ್ರಾಂತಿಯ ಮೊದಲು ತೋಟಾ ತರಲು ಬೀದರಿಗೆ ಹೋದೆವು. ತೋಟಾ ಎಂದರೆ ಬಂದೂಕಿಗೆ ತುಂಬುವ ಕಾಗದದ ಕೊಳವೆ, ಒಳಗೆ ಮದ್ದು ಮತ್ತು ಛರ್ರಾ, ಅಂದರೆ ಸೀಸದ ಗುಂಡುಗಳು. ಅಂಗಡಿಯ ಮುದುಕರು ಮಾವನಿಗೆ ಹಳೆಯ ಪರಿಚಯ. ನಾನು ಓದಬಲ್ಲೆನೆಂದು ತಿಳಿದು ಖುಷಿಯಾಗಿ, ಒಡೆದಿಟ್ಟ ಎರಡು ತೋಟಾಗಳ ಛರ್ರಾವನ್ನು ಎರಡು ತಟ್ಟೆಗೆ ಸುರಿದು ತೋರಿಸಿದರು. ಒಂದರಲ್ಲಿ ನೆನೆಸಿದ ಕಡಲೆಯಷ್ಟು ದಪ್ಪನೆಯ ಏಳೆಂಟು ಗುಂಡು. ಅದರ ಮುಚ್ಚಳದ ಮೇಲೆ ಎಲ್‌.ಜಿ. ಎಂದಿತ್ತು. ಇನ್ನೊಂದರ ಮೇಲೆ ಆರು ಎಂಬ ಅಂಕಿ, ಒಳಗೆ ಜೋಳಕ್ಕಿಂತ ಸಣ್ಣ ಕಾಳು, ಎಣಿಸಲಾರದಷ್ಟು. ಹೊರಗೆ ನೋಡಲು ಎರಡೂ ಕೆಂಪು, ಎರಡೂ ಒಂದೇ ಉದ್ದ.

ಮಾವ ಎರಡೂ ಕೈಯಲ್ಲಿ ಒಂದೊಂದು ತೋಟಾ ಹಿಡಿದು ತೂಗಿ ನೋಡಿದರು. "ಫರಕೇ ಗೊತ್ತಾಗವಲ್ದು" ಎಂದರು.

"ಫರಕ ಇಲ್ಲರಿ ಚಾಚಾ. ಸೀಸ ಅಷ್ಟಕ್ಕ ಅಷ್ಟೇ ಅದ" ಎಂದರು ಅಂಗಡಿಯವರು. "ಇದ್ರಾಗ ಏಳೆಂಟು ಮಂದಿಗಿ ಹಂಚ್ಯಾರ, ಅದ್ರಾಗ ಇನ್ನೂರು ಮಂದಿಗಿ ಹಂಚ್ಯಾರ. ಗಿಳಿ, ಬೆಳವಕ್ಕ ಆರನೇ ನಂಬರ್ ಸಾಕು. ಚಿಗರಿಗಿ ಅಂದ್ರ ಎಲ್‌.ಜಿ.ನೇ ಬೇಕು. ಒಳಗ ಹೊಕ್ಕು ಎಲುಬು ಮುರೀತದ."

"ನಲವತ್ತು ಹೆಜ್ಜಿಗಿ ಹ್ಯಾಂಗ್ರಿ?" ಮಾವ ಕೇಳಿದರು.

"ಬೇಷಕ್ ನಡೀತದ. ಅದಕ್ಕಿಂತ ದೂರ ಇದ್ರ ಎತ್ತಲೇಬ್ಯಾಡ್ರಿ." ಆಮೇಲೆ ನನ್ನ ಕಡೆ ತಿರುಗಿ ಹೇಳಿದರು, "ದೊಡ್ಡ ಜಾನವರಕ್ಕ ಸಣ್ಣ ಛರ್ರಾ ಹೊಡಿಬಾರದು ಬೇಟಿ. ಸಾಯಂಗೂ ಇಲ್ಲ, ಬದುಕಂಗೂ ಇಲ್ಲ."

ತುಟ್ಟಿ ಮಾಲು ಮಾರಲು ಅಂಗಡಿಯವರು ಆಡುವ ಮಾತು ಅಂದುಕೊಂಡೆ. ನನಗೆ ಆಗ ಹತ್ತೊಂಬತ್ತು, ಎಲ್ಲವೂ ಗೊತ್ತಿತ್ತು.

ಜೋಳದ ತೆನೆಗೆ ಬೀಳುವ ಗಿಳಿಗಳಿಗೆಂದು ಆರನೇ ನಂಬರಿನವು ಕೆಲವು, ಎಲ್‌.ಜಿ. ನಾಲ್ಕು ತಂದೆವು. ತೇವ ತಾಗದಂತೆ ಡಬ್ಬಿಯಲ್ಲಿ ಜೋಳದ ಕಾಳು ತುಂಬಿ ಅದರೊಳಗೆ ಹುದುಗಿಸುವುದು ಮಾವನ ಪದ್ಧತಿ. ಎರಡು ವರ್ಷದಿಂದ ಮಳೆಯನ್ನೇ ಕಾಣದ ಊರಲ್ಲಿ ತೇವ ಎಲ್ಲಿಂದ ಬರಬೇಕು ಎಂದು ನಾನು ನಕ್ಕೆ. ಅವರೂ ನಕ್ಕರು. ಅವರಿಗೆ ದೂರದ್ದು ಸ್ಪಷ್ಟವಾಗಿ ಕಾಣುತ್ತಿತ್ತು, ಹತ್ತಿರದ್ದು ಮಸುಕು. ಅದಕ್ಕೆ ಡಬ್ಬಿಯನ್ನು ನನ್ನ ಟ್ರಂಕಿನಲ್ಲಿ ಇಡಿಸಿದರು.

ಇನ್ನು ಆ ಚಿಗರಿಯ ವಿಷಯ. ಕರಿಯ ಗಂಡು, ಎಡಗೊಂಬಿನ ತುದಿ ಮುರಿದಿತ್ತು. ನಾನು ಮಧ್ಯಾಹ್ನ ಬಾವಿಯಿಂದ ನೀರು ಸೇದಿ ಕುರಿಗಳ ಕಲ್ಲುದೋಣಿಗೆ ಹಾಕಿ ಈಚೆ ಸರಿದರೆ ಅದು ಬಂದು ಕುಡಿಯುತ್ತಿತ್ತು. ಮೊದಲು ನೂರು ಹೆಜ್ಜೆ ದೂರ ನಿಂತು ಕಾಯುತ್ತಿದ್ದದ್ದು ಬರಬರುತ್ತ ಇಪ್ಪತ್ತು ಹೆಜ್ಜೆಗೆ ಬಂತು. ಗಂಡನಿಂದ ಕಾಗದವಿಲ್ಲ, ಓಣಿಯಲ್ಲಿ ಮಾತಾಡಲು ಓರಗೆಯವರಿಲ್ಲ. ಹೊತ್ತಿಗೆ ಸರಿಯಾಗಿ ಬರುತ್ತಿದ್ದದ್ದು ಅದೊಂದೇ. ನಾನು ದೋಣಿಯಲ್ಲಿ ಬೇಕೆಂದೇ ಎರಡು ಕೊಡ ಹೆಚ್ಚು ಹಾಕುತ್ತಿದ್ದೆ. ಮಾವನಿಗೆ ಹೇಳಲಿಲ್ಲ.

ಗಾಳಿಯ ಗುಂಡಿಗೆ ಚಿಗರಿಗಳು ಹೆದರುವುದನ್ನು ಬಿಟ್ಟವು. ಸಪ್ಪಳವಾದರೆ ನಾಲ್ಕು ಹಾರು ಹಾರಿ, ನಿಂತು, ಮತ್ತೆ ಮೇಯತೊಡಗುತ್ತಿದ್ದವು. ಒಂದು ಮಡಿ ಕಡಲೆ ಪೂರ್ತಿ ಹೋಯಿತು. ಪಕ್ಕದ ಹೊಲದವರು ಬಂದು ಗೊಣಗಿದರು. ಆ ಸಂಜೆ ಮಾವ ಊಟಕ್ಕೆ ಕೂತವರು ರೊಟ್ಟಿ ಮುರಿಯದೆ ಹೇಳಿದರು, "ಹಿಂಡಿನ ಮುಂದಿಂದು ಅದ ನೋಡು, ಕೊಂಬು ಮುರದದ್ದು, ಅದೊಂದು ಬಿದ್ರ ಉಳದವು ಈ ಕಡಿ ಹಾಯಂಗಿಲ್ಲ. ಹೊಡದ್ರ ಒಂದೇ ಏಟಿಗಿ ಬೀಳಬೇಕು. ನರಳಸಬಾರದು." ಅವರಿಗೂ ಮನಸ್ಸಿರಲಿಲ್ಲ. ನನಗೆ ಮಾತ್ರ ಆಗ ಅವರ ಮೇಲೆ ವಿಪರೀತ ಸಿಟ್ಟು ಬಂದಿತ್ತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಮಾವ ಬಾಗಿಲಲ್ಲಿ ನಿಂತು, "ಯವ್ವಾ, ಎಲ್‌.ಜಿ. ಒಂದು ಕೊಡು" ಎಂದರು. ನಾನು ಟ್ರಂಕು ತೆರೆದು, ಕಾಳಿನಲ್ಲಿ ಕೈಯಾಡಿಸಿ, ಅಂಕಿಯನ್ನು ಚೆನ್ನಾಗಿ ನೋಡಿ, ಆರನೇ ನಂಬರಿನದನ್ನು ತೆಗೆದು ಅವರ ಅಂಗೈಯಲ್ಲಿಟ್ಟೆ. ಸಣ್ಣ ಕಾಳು, ಸಣ್ಣ ನೋವು ಎಂಬುದು ನನ್ನ ಲೆಕ್ಕ. ಚುರ್ರೆಂದು ಚುಚ್ಚುತ್ತದೆ, ಓಡಿಹೋಗುತ್ತದೆ, ಮತ್ತೆ ಬರುವುದಿಲ್ಲ, ಕಡಲೆಯೂ ಉಳಿಯುತ್ತದೆ ಅದೂ ಉಳಿಯುತ್ತದೆ. ಮಾವ ಒಮ್ಮೆಯೂ ತಿರುಗಿಸಿ ನೋಡಲಿಲ್ಲ. ನೋಡಿದ್ದರೂ ಓದುವವಳು ನಾನೇ ತಾನೆ.

ಬದುವಿನ ಹಿಂದೆ ನಾನೂ ಅವರ ಜೊತೆ ಕೂತಿದ್ದೆ. ನಲವತ್ತು ಹೆಜ್ಜೆಗೆ ಬರುವವರೆಗೂ ಕಾದರು. ಗುಂಡಿನ ಸಪ್ಪಳಕ್ಕೆ ಹಿಂಡು ಚದುರಿತು. ಕೊಂಬು ಮುರಿದದ್ದು ಮೇಲಕ್ಕೆ ಹಾರಿ, ಒಮ್ಮೆ ಮುಗ್ಗರಿಸಿ, ಎದ್ದು ಎಲ್ಲಕ್ಕಿಂತ ಜೋರಾಗಿ ಓಡಿತು. ಮಾವ ಬಾಯಿ ತೆರೆದು ನೋಡುತ್ತ ನಿಂತರು. ಆಮೇಲೆ ಅದು ನಿಂತಿದ್ದ ಜಾಗಕ್ಕೆ ಹೋಗಿ ಬಗ್ಗಿ ಬಗ್ಗಿ ಹುಡುಕಿದರು. ಒಣ ನೆಲದ ಮೇಲೆ ಎರಡು ಹನಿ ರಕ್ತ ನನಗೆ ಕಂಡಿತು. ನಾನು ಅದರ ಮೇಲೆ ಕಾಲಿಟ್ಟು ನಿಂತೆ.

"ಏನರ ಅದ ಏನವ್ವಾ?"

"ಏನಿಲ್ಲರಿ ಮಾವಾ."

ಮಾವ ಬದುವಿನ ಮೇಲೆ ಕೂತು ತಮ್ಮ ಎರಡೂ ಕೈಯನ್ನು ಮುಂದೆ ಚಾಚಿ ನೋಡಿಕೊಂಡರು. ನಡುಗುತ್ತಿರಲಿಲ್ಲ. ನಡುಗುವುದಿಲ್ಲವಲ್ಲ ಎಂಬುದೇ ಅವರನ್ನು ಹೆಚ್ಚು ಹೆದರಿಸಿತು ಎಂದು ಕಾಣುತ್ತದೆ. ಮನೆಗೆ ಬಂದು ಅಂಗಳದಲ್ಲಿ ಒಂದು ಕಣ್ಣು ಮುಚ್ಚಿ ಬೇವಿನ ಮರದ ಕಾಗೆ ಎಣಿಸಿದರು, ಇನ್ನೊಂದು ಕಣ್ಣು ಮುಚ್ಚಿ ಮತ್ತೆ ಎಣಿಸಿದರು. ಎರಡು ಸಲವೂ ಸರಿಯಾಗಿಯೇ ಎಣಿಸಿದ್ದರು. ನಾನು ಒಲೆಯ ಮುಂದೆ ಕೂತು ಕೇಳಿಸಿಕೊಳ್ಳುತ್ತಿದ್ದೆ.

ಊರಿಗೆ ಸುದ್ದಿ ಹಬ್ಬಲು ಮಧ್ಯಾಹ್ನವೂ ಆಗಲಿಲ್ಲ. "ಎಲ್‌.ಜಿ. ಹಾಕ್ಕೊಂಡು ನಲವತ್ತು ಹೆಜ್ಜಿಗಿ ತಪ್ಪಿಸಿದನಂತ ಮುದುಕ" ಎಂದು ಪಕ್ಕದ ಹೊಲದವನು ಕಟ್ಟೆಯ ಮೇಲೆ ನಕ್ಕ. ಮಾವ ಬಂದೂಕನ್ನು ಗೂಟಕ್ಕೆ ತೂಗುಹಾಕಿದರು. ಗಾಳಿಯಲ್ಲಿ ಹಾರಿಸಲೂ ಮತ್ತೆ ಇಳಿಸಲಿಲ್ಲ. ಹಿಂಡು ಎರಡೇ ದಿನಕ್ಕೆ ತಿರುಗಿ ಬಂತು. ಕೊಂಬು ಮುರಿದದ್ದು ಅದರಲ್ಲಿ ಇರಲಿಲ್ಲ.

ನಾಲ್ಕನೇ ದಿನ ಕಟ್ಟಿಗೆಗೆಂದು ಹಳ್ಳದ ಆಚೆ ಹೋದಾಗ ಅದು ಸಿಕ್ಕಿತು. ಜಾಲಿಯ ನೆರಳಲ್ಲಿ ನಿಂತಿತ್ತು. ಮೂತಿ ಬಾತು ಬಾಯಿ ಮುಚ್ಚುತ್ತಿರಲಿಲ್ಲ. ಎರಡೂ ಕಣ್ಣು ಹೋಗಿದ್ದವು, ಅಲ್ಲಿ ನೊಣ ಮುತ್ತಿದ್ದವು. ನನ್ನ ಹೆಜ್ಜೆಯ ಸಪ್ಪಳಕ್ಕೆ ಮುಖ ತಿರುಗಿಸಿತು, ಓಡಲಿಲ್ಲ. ಗುರುತು ಹಿಡಿಯಿತೋ, ಓಡಲಾರದಾಯಿತೋ ನನಗೆ ಗೊತ್ತಿಲ್ಲ. ನಾನು ಕಟ್ಟಿಗೆ ಅಲ್ಲೇ ಚೆಲ್ಲಿ ಮನೆಯತ್ತ ಓಡಿದೆ, ಮಾವನನ್ನು ಕರೆತಂದು ಅದನ್ನು ಮುಗಿಸಬೇಕೆಂದು.

ಮಾವ ಅಂಗಳದಲ್ಲಿ ಕುರಿಯ ಉಣ್ಣೆ ಕತ್ತರಿಸುತ್ತಿದ್ದರು. ತಲೆಯೆತ್ತಿ, "ಯಾಕವ್ವಾ, ತೇಕಾಕತ್ತಿ?" ಎಂದರು. ಹೇಳಿದರೆ ಅದರ ಮುಖದೊಳಗಿನ ಆ ಸಣ್ಣ ಕಾಳುಗಳನ್ನು ಅವರು ಬೆರಳಲ್ಲಿ ಹಿಡಿದು ನೋಡುತ್ತಾರೆ, ನನ್ನ ಕೆಲಸ ಬಯಲಾಗುತ್ತದೆ. "ನಾಯಿ ಬೆನ್ನ ಹತ್ತಿತ್ತರಿ" ಎಂದೆ. ಒಳಗೆ ಹೋಗಿ ನೀರು ಕುಡಿದೆ. ಮರುದಿನ ಹೋಗಿ ನೋಡಿದಾಗ ಅದು ಬಿದ್ದಿತ್ತು, ನಾಯಿಗಳು ಬಂದಿದ್ದವು. ನನ್ನ ಬದುಕಿನಲ್ಲಿ ನಾನು ನನಗೇ ಅಷ್ಟು ಹೇಸಿಕೊಂಡದ್ದು ಬೇರೆ ಯಾವತ್ತೂ ಇಲ್ಲ.

ಹದಿನೈದು ದಿನದಲ್ಲಿ ಚಿಗರಿಗಳ ಬಾಯಿಗೆ ಕಡಲೆ ಮುಗಿಯಿತು, ಜೋಳದಲ್ಲಿ ದಂಟು ಉಳಿಯಿತು. ಕಾಯಲು ಏನೂ ಇಲ್ಲದಾದ ಮೇಲೆ ಮಾವ, "ಕಾವಲಿಗಿ ಬಾರದ ಕೈ, ಕಲ್ಲರ ಒಡೀಲಿ" ಎಂದು ಹೈದರಾಬಾದಿಗೆ ಹೊರಟರು. ಅರವತ್ತು ದಾಟಿದ ಜೀವ. ಬುತ್ತಿಯ ಗಂಟು ಹೊತ್ತು ಔರಾದಿನವರೆಗೆ ನಾನೂ ಹೋದೆ. ಬಸ್ಸಿನ ದಾರಿ ಕಾಯುತ್ತ ಗೋಡೆಗೆ ಒರಗಿ ಕೂತಿದ್ದಾಗ ತಡೆಯಲಾಗದೆ ಹೇಳಿಬಿಟ್ಟೆ.

"ಮಾವಾ, ನಿಮ್ಮ ಗುರಿ ತಪ್ಪಿಲ್ಲರಿ. ನಾ ಕೊಟ್ಟದ್ದು ಆರನೇ ನಂಬರಿಂದು. ಬೇಕಂತಲೇ ಕೊಟ್ಟೀನಿ."

ಅವರು ನನ್ನ ಕಡೆ ತಿರುಗಿದರು. "ಹತ್ತಿತ್ತೇನು?" ಎಂದರು.

"ಹತ್ತಿತ್ತರಿ. ಮುಖಕ್ಕ. ಕಣ್ಣು ಹೋಗಿದ್ವು."

"ಎಂದ ಸತ್ತಿತು?"

"ಐದನೇ ದಿನ."

"ನೀ ಎಂದ ನೋಡಿದಿ?"

"ನಾಕನೇ ದಿನ."

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ನಾಕನೇ ದಿನ ನಾ ಮನ್ಯಾಗೇ ಇದ್ದೆನಲ್ಲವ್ವಾ" ಎಂದರು ಮಾವ. "ಎಲ್‌.ಜಿ.ನೂ ಮನ್ಯಾಗೇ ಇತ್ತು."

ಬಸ್ಸು ಬಂತು. ಗಂಟು ಎತ್ತಿಕೊಂಡು ಎದ್ದವರು ಬಾಗಿಲ ಬಳಿ ನಿಂತು, "ಊರಾಗ ಯಾರ ಮುಂದೂ ಆಡಬ್ಯಾಡ. ನಿನ್ನ ಗಂಡ ಊರಾಗಿಲ್ಲ, ಬೆಳಿ ಹೋಗ್ಯಾದ, ಮಂದಿ ನಿನ್ನ ಬಿಡಂಗಿಲ್ಲ. ನನ್ನ ಕಣ್ಣು ಹೋಗ್ಯಾವ ಅಂತನೇ ಇರ್ಲಿ" ಎಂದು ಹತ್ತಿಕೊಂಡರು.

ಮರುವರ್ಷ ಮಳೆಯಾಯಿತು. ಮಗನ ಜೊತೆ ಮಾವ ತಿರುಗಿ ಬಂದರು, ಕಲ್ಲಿನ ಧೂಳಿನ ಕೆಮ್ಮನ್ನೂ ತಂದರು. ಬಂದೂಕನ್ನು ಬೀದರಿಗೆ ಒಯ್ದು ಸರ್ಕಾರಕ್ಕೆ ಒಪ್ಪಿಸಿ ಬಂದರು. ಬಂದ ಕಾಗದಗಳನ್ನು ಮೊದಲಿನಂತೆ ನನ್ನಿಂದಲೇ ಓದಿಸುತ್ತಿದ್ದರು, "ನಮ್ಮ ಸೊಸಿ ಓದ್ತಾಳ" ಎಂದೇ ಹೇಳುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನನಗೆ ಎದ್ದು ಒಳಗೆ ಹೋಗಬೇಕೆನಿಸುತ್ತಿತ್ತು.

ಅವರು ತೀರಿದ ದಿನ ಅಂಗಳದಲ್ಲಿ ಕೂತಿದ್ದ ಹಿರಿಯರು ಒಳ್ಳೆಯ ಮಾತುಗಳನ್ನೇ ಆಡುತ್ತಿದ್ದರು. ನಡುವೆ ಪಕ್ಕದ ಹೊಲದವನು, "ಒಮ್ಮಿ ಎಲ್‌.ಜಿ. ಹಾಕಿ ನಲವತ್ತು ಹೆಜ್ಜಿಗಿ ಚಿಗರಿ ತಪ್ಪಿಸಿದ್ನಲ್ಲ, ನೆನಪದನು?" ಎಂದ. ಎಲ್ಲರೂ ಪ್ರೀತಿಯಿಂದಲೇ ನಕ್ಕರು. ನಾನು ತಂಬಿಗೆ ಹಿಡಿದು ಒಬ್ಬೊಬ್ಬರಿಗೆ ನೀರು ಕೊಡುತ್ತಿದ್ದೆ. ಅವನಿಗೂ ಕೊಟ್ಟು ಮುಂದೆ ಹೋದೆ.

ಮಾವನ ಗುರಿ ತಪ್ಪಿರಲಿಲ್ಲ. ಇದನ್ನು ನಾನು ಯಾರಿಗೆ ಹೇಳಬೇಕಿತ್ತೋ ಅವರಲ್ಲಿ ಈಗ ಒಬ್ಬರೂ ಉಳಿದಿಲ್ಲ.